ಗೊರಕೆ ಹೊಡೀತಿದ್ದಾನೆ, ಮಲಗಲಿ ಬಿಡಿ ಅನ್ನೋ ಮೊದಲು

ಪಿಜಿಯ ರೂಮಿನಲ್ಲಿ ಒಬ್ಬ ಹುಡುಗ ಬೆಳಗ್ಗೆ ಹನ್ನೊಂದಾದರೂ ಎದ್ದಿಲ್ಲ. ಗಂಟಲಿನಿಂದ ಗೊರಗೊರ ಸದ್ದು ಬರುತ್ತಿದೆ. ರಾತ್ರಿ ಏನೋ ತೆಗೆದುಕೊಂಡಿದ್ದ ಅನ್ನುವುದು ಜೊತೆಯವರಿಗೆ ಗೊತ್ತು. "ಮಲಗಲಿ ಬಿಡೋ, ಎದ್ರೆ ಸರಿಹೋಗ್ತಾನೆ" ಅಂತ ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೋಗುತ್ತಾರೆ.

ಅವರೇನು ಕಲ್ಲು ಮನಸ್ಸಿನವರಲ್ಲ. ಗೊರಕೆ ಕೇಳಿಸಿದರೆ ಒಳ್ಳೆಯ ನಿದ್ದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಷ್ಟೇ. ಓವರ್‌ಡೋಸ್‌ನಲ್ಲಿ ಅದೇ ಸದ್ದು ಉಸಿರಿನ ದಾರಿ ಮುಚ್ಚಿಕೊಳ್ಳುತ್ತಿದೆ ಅನ್ನುವುದರ ಗುರುತು ಆಗಿರಬಹುದು.

ಡ್ರಗ್ಸ್ ಹಿಡಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಎಷ್ಟು ಕೆಜಿ, ಎಷ್ಟು ಕೋಟಿ, ಯಾರನ್ನು ಎಲ್ಲಿ ಹಿಡಿದರು, ಎಲ್ಲ ಇರುತ್ತದೆ. ಪಕ್ಕದ ಮಂಚದಲ್ಲಿ ಒಬ್ಬರು ಎಚ್ಚರ ತಪ್ಪಿ ಬಿದ್ದಿದ್ದರೆ ಏನು ಮಾಡಬೇಕು ಅನ್ನುವುದು ಮಾತ್ರ ಇರುವುದಿಲ್ಲ. ಈ ಲೇಖನ ಅದರ ಬಗ್ಗೆ.

## ಓವರ್‌ಡೋಸ್ ಅಂದರೆ ಯಾವುದು?

ದೇಹ ತಾಳಿಕೊಳ್ಳುವುದಕ್ಕಿಂತ ಜಾಸ್ತಿ ಔಷಧಿಯೋ ಮಾದಕ ವಸ್ತುವೋ ಒಳಗೆ ಹೋದರೆ ಅದು ಓವರ್‌ಡೋಸ್. ಬೇಕಂತಲೇ ತೆಗೆದುಕೊಂಡಿರಬೇಕು ಅಂತೇನಿಲ್ಲ. ಬೆಳಗ್ಗೆ ಬಿಪಿ ಮಾತ್ರೆ ನುಂಗಿದ್ದು ಮರೆತು ಅಜ್ಜಿ ಮತ್ತೆ ನುಂಗಬಹುದು. ತಾತನ ಶುಗರ್ ಮಾತ್ರೆಯನ್ನು ಪೆಪ್ಪರ್‌ಮಿಂಟ್ ಅಂದುಕೊಂಡು ಮಗು ಬಾಯಿಗೆ ಹಾಕಿಕೊಳ್ಳಬಹುದು. ಬೆನ್ನುನೋವು ತಡೆಯಲಾಗದೆ ಒಬ್ಬರು ಡಾಕ್ಟರ್ ಹೇಳಿದ್ದಕ್ಕಿಂತ ಹೆಚ್ಚು ನೋವಿನ ಮಾತ್ರೆ ತೆಗೆದುಕೊಂಡಿರಬಹುದು.

ಇಂತಿಷ್ಟು ತೆಗೆದುಕೊಂಡರೆ ಓವರ್‌ಡೋಸ್ ಅಂತ ಎಲ್ಲರಿಗೂ ಒಂದೇ ಗೆರೆ ಎಳೆಯಲು ಬರುವುದಿಲ್ಲ. ವಯಸ್ಸು, ತೂಕ, ಲಿವರ್ ಮತ್ತು ಕಿಡ್ನಿಯ ಆರೋಗ್ಯ, ಅಭ್ಯಾಸ ಇದೆಯೋ ಇಲ್ಲವೋ, ಜೊತೆಗೆ ಮದ್ಯ ಕುಡಿದಿದ್ದಾರೋ ಇಲ್ಲವೋ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ "ನಾನೂ ಅಷ್ಟೇ ತಗೊಂಡಿದ್ದೆ, ನನಗೇನೂ ಆಗಲಿಲ್ಲ" ಅನ್ನುವ ಮಾತಿಗೆ ಬೆಲೆ ಇಲ್ಲ.

ಎರಡು ಸಂದರ್ಭಗಳಲ್ಲಿ ಅಪಾಯ ವಿಪರೀತ. ಒಂದು, ಬೆರಕೆ. ನಿದ್ದೆ ಮಾತ್ರೆ, ಮದ್ಯ, ನೋವಿನ ಬಲವಾದ ಮಾತ್ರೆ, ಇವೆಲ್ಲ ಉಸಿರನ್ನು ನಿಧಾನ ಮಾಡುವಂಥವು. ಒಂದೊಂದೇ ಆದಾಗ ತಡೆದುಕೊಂಡ ದೇಹ ಎರಡು ಸೇರಿದಾಗ ಸೋಲಬಹುದು. ಇನ್ನೊಂದು, ಬಿಟ್ಟು ಮತ್ತೆ ಶುರು ಮಾಡುವುದು. ವ್ಯಸನಮುಕ್ತಿ ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದವರು ಮೊದಲಿನಷ್ಟೇ ತೆಗೆದುಕೊಳ್ಳುತ್ತಾರೆ. ಆದರೆ ಅಷ್ಟನ್ನು ತಾಳಿಕೊಳ್ಳುವ ಅಭ್ಯಾಸ ದೇಹಕ್ಕೆ ಆಗಲೇ ಹೋಗಿರುತ್ತದೆ. ಹಳೆಯ ಪ್ರಮಾಣವೇ ಆಗ ಓವರ್‌ಡೋಸ್.

## ಉಸಿರು ಯಾಕೆ ನಿಲ್ಲುತ್ತದೆ?

ಪ್ರಾಣ ತೆಗೆಯುವುದರಲ್ಲಿ ಮುಂದಿರುವುದು ಓಪಿಯಾಯ್ಡ್ ಅನ್ನುವ ಗುಂಪು. ಅಫೀಮು, ಅದರಿಂದ ಬರುವ ಮಾರ್ಫಿನ್ ಮತ್ತು ಹೆರಾಯಿನ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಕೊಡೀನ್, ನೋವಿನ ಮಾತ್ರೆಗಳಾದ ಟ್ರಾಮಡಾಲ್, ಟ್ಯಾಪೆಂಟಡಾಲ್, ಆಪರೇಷನ್ ಥಿಯೇಟರಿನಲ್ಲಿ ಬಳಸುವ ಫೆಂಟನಿಲ್ ಎಲ್ಲವೂ ಇದೇ ಗುಂಪಿನವು. ಭಾರತದಲ್ಲಿ ಇದು ಸಣ್ಣ ಸಂಗತಿಯಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಓಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ ಜನ. ಅದರಲ್ಲಿ ಹೆರಾಯಿನ್ ಬಿಟ್ಟರೆ ದೊಡ್ಡ ಪಾಲು ಮೆಡಿಕಲ್ ಶಾಪಿನಲ್ಲಿ ಸಿಗುವಂಥ ಔಷಧಿಗಳದ್ದು. ಟ್ರಾಮಡಾಲನ್ನು 2018ರಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ತಂದಿದ್ದೂ ಇದೇ ಕಾರಣಕ್ಕೆ.

ನಾವು ನಿದ್ದೆಯಲ್ಲಿದ್ದರೂ ಉಸಿರಾಡುವುದು ಮಿದುಳಿನ ಬುಡದಲ್ಲಿರುವ ಒಂದು ಭಾಗದ ದಯೆಯಿಂದ. ಮನೆ ಮೇಲಿನ ಟ್ಯಾಂಕಿಗೆ ಸೆನ್ಸರ್ ಹಾಕಿಸಿರುತ್ತೇವಲ್ಲ, ನೀರು ಇಳಿದ ಕೂಡಲೇ ಮೋಟಾರ್ ತಾನಾಗಿ ಆನ್ ಆಗುತ್ತದೆ. ಈ ಭಾಗವೂ ಹಾಗೇ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದ ಕೂಡಲೇ "ಉಸಿರು ತಗೋ" ಅಂತ ಎದೆಯ ಸ್ನಾಯುಗಳಿಗೆ ಹೇಳುತ್ತದೆ. ಓಪಿಯಾಯ್ಡ್ ಈ ಸೆನ್ಸರನ್ನೇ ಮಂಕು ಮಾಡುತ್ತದೆ. ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋದರೂ ಅಪ್ಪಣೆ ಬರುವುದಿಲ್ಲ. ಉಸಿರು ಮೊದಲು ನಿಧಾನವಾಗುತ್ತದೆ, ಆಮೇಲೆ ಮೇಲುಮೇಲಿನದಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಒದ್ದಾಟ ಇಲ್ಲ, ಕಿರುಚಾಟ ಇಲ್ಲ. ಅದಕ್ಕೇ ಪಕ್ಕದಲ್ಲಿದ್ದವರಿಗೂ ಗೊತ್ತಾಗುವುದಿಲ್ಲ.

ಉಸಿರು ನಿಂತ ಮೇಲೆ ಹೃದಯ ಸ್ವಲ್ಪ ಹೊತ್ತು ಬಡಿಯುತ್ತಿರುತ್ತದೆ. ಆಕ್ಸಿಜನ್ ಪೂರ್ತಿ ನಿಂತರೆ ನಾಲ್ಕಾರು ನಿಮಿಷದಲ್ಲಿ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಆಂಬುಲೆನ್ಸ್ ಬರುವ ಮೊದಲಿನ ಈ ಸಮಯ ಪಕ್ಕದಲ್ಲಿದ್ದವರ ಕೈಯಲ್ಲಿದೆ.

## ನಿದ್ದೆಯೋ, ಓವರ್‌ಡೋಸೋ?

ಎಷ್ಟೇ ಗಾಢ ನಿದ್ದೆಯಲ್ಲಿರುವ ಮನುಷ್ಯನೂ ಕರೆದು ಅಲ್ಲಾಡಿಸಿದರೆ ಮಿಸುಕುತ್ತಾನೆ, ಬೈಯುತ್ತಾನೆ, ಮಗ್ಗುಲು ಬದಲಿಸುತ್ತಾನೆ. ಪರೀಕ್ಷೆ ಅಲ್ಲಿಂದಲೇ ಶುರು. ಹೆಸರು ಹಿಡಿದು ಜೋರಾಗಿ ಕೂಗಿ. ಭುಜ ಅಲ್ಲಾಡಿಸಿ. ಏಳದಿದ್ದರೆ ಬೆರಳಿನ ಗೆಣ್ಣುಗಳಿಂದ ಎದೆಯ ನಡುವಿನ ಮೂಳೆಯ ಮೇಲೆ ಒತ್ತಿ ಉಜ್ಜಿ. ಇದು ಚೆನ್ನಾಗಿ ನೋಯುತ್ತದೆ, ನಿಮ್ಮ ಎದೆಯ ಮೇಲೇ ಉಜ್ಜಿ ನೋಡಿ. ಅದಕ್ಕೂ ಎಚ್ಚರವಾಗದಿದ್ದರೆ ಅದು ನಿದ್ದೆಯಲ್ಲ.

ಇನ್ನು ಉಸಿರು. ಅಂಗಿ ಮೇಲೆತ್ತಿ ಎದೆ, ಹೊಟ್ಟೆ ಏರಿಳಿಯುವುದನ್ನು ನೋಡಿ. ದೊಡ್ಡವರು ಆರಾಮಾಗಿದ್ದಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಐದಾರು ಸೆಕೆಂಡಿಗೆ ಒಂದು ಉಸಿರೂ ಕಾಣದಿದ್ದರೆ ಅಪಾಯ. ಹತ್ತು ಸೆಕೆಂಡು ನೋಡಿದರೆ ಸಾಕು, ಅದಕ್ಕಿಂತ ಜಾಸ್ತಿ ಎಣಿಸುತ್ತಾ ಕೂರಬೇಡಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುವ ಏದುಸಿರನ್ನು ಉಸಿರಾಟ ಅಂತ ಲೆಕ್ಕ ಹಾಕಬೇಡಿ.

ಸದ್ದಿನಲ್ಲೂ ವ್ಯತ್ಯಾಸ ಇದೆ. ಮಾಮೂಲಿ ಗೊರಕೆಗೆ ಒಂದು ಲಯ ಇರುತ್ತದೆ. ಇಲ್ಲಿ ನೀರಿನಲ್ಲಿ ಗುಳ್ಳೆ ಏಳುವಂಥ ಒದ್ದೆ ಸದ್ದು, ನಡುವೆ ಉದ್ದುದ್ದ ಮೌನ. ನಾಲಿಗೆ ಹಿಂದಕ್ಕೆ ಬಿದ್ದು, ಗಂಟಲಿನಲ್ಲಿ ಜೊಲ್ಲೋ ವಾಂತಿಯೋ ಸೇರಿಕೊಂಡಿರುತ್ತದೆ. ಯಾವತ್ತೂ ಗೊರಕೆ ಹೊಡೆಯದವರು ಹೀಗೆ ಹೊಡೆಯುತ್ತಿದ್ದರಂತೂ ತಕ್ಷಣ ಎಬ್ಬಿಸಲು ನೋಡಿ.

ಬಣ್ಣ. ಪುಸ್ತಕಗಳಲ್ಲಿ "ತುಟಿ ನೀಲಿ ಆಗುತ್ತದೆ" ಅಂತ ಬರೆದಿರುತ್ತಾರೆ. ನಮ್ಮ ಮೈಬಣ್ಣದಲ್ಲಿ ಅದು ಸಲೀಸಾಗಿ ಕಾಣುವುದಿಲ್ಲ. ಮುಖ ಬೂದಿ ಬಳಿದ ಹಾಗೆ ಕಳೆಗುಂದಿರುತ್ತದೆ. ಕೆಳತುಟಿಯನ್ನು ಮಡಚಿ ಒಳಭಾಗ ನೋಡಿ, ವಸಡು ನೋಡಿ, ಉಗುರಿನ ಬುಡ ನೋಡಿ. ನಸುಗೆಂಪು ಹೋಗಿ ನೀಲಿ ಅಥವಾ ಬೂದು ಬಣ್ಣ ಬಂದಿದ್ದರೆ ಆಕ್ಸಿಜನ್ ಸಾಲುತ್ತಿಲ್ಲ. ಮೊಬೈಲ್ ಟಾರ್ಚ್ ಹಾಕಿದರೆ ಚೆನ್ನಾಗಿ ಕಾಣುತ್ತದೆ.

ಅದೇ ಟಾರ್ಚಿನಲ್ಲಿ ರೆಪ್ಪೆ ಎತ್ತಿ ಕಣ್ಣನ್ನೂ ನೋಡಿ. ಓಪಿಯಾಯ್ಡ್ ಆಗಿದ್ದರೆ ನಡುವಿನ ಪಾಪೆ ಸಾಸಿವೆಗಿಂತ ಸಣ್ಣದಾಗಿ, ಸೂಜಿಮೊನೆಯಷ್ಟಾಗಿರುತ್ತದೆ. ಆದರೆ ಆಲ್‌ಪ್ರಜೋಲಂ, ಕ್ಲೋನಜೆಪಂನಂಥ ನಿದ್ದೆ ಮಾತ್ರೆಗಳಲ್ಲಿ ಹೀಗಾಗುವುದಿಲ್ಲ. ಪಾಪೆ ಮಾಮೂಲಾಗಿದೆ ಅಂತ ಸುಮ್ಮನಾಗಬೇಡಿ. ಎಚ್ಚರ ಇಲ್ಲ, ಉಸಿರು ಕಡಿಮೆ, ಈ ಎರಡು ಇದ್ದರೆ ಉಳಿದಿದ್ದು ಯಾವುದೂ ಬೇಕಿಲ್ಲ.

## ಉಲ್ಟಾ ಲಕ್ಷಣಗಳೂ ಇವೆ

ಕೊಕೇನ್, ಮೆತ್, ಎಂಡಿಎಂಎಯಂಥ ಡ್ರಗ್ಸ್ ದೇಹವನ್ನು ಮಲಗಿಸುವುದಿಲ್ಲ, ಓಡಿಸುತ್ತವೆ. ಮೈ ಕೆಂಡದಂತೆ ಸುಡುತ್ತದೆ. ಎದೆ ಡವಡವ ಅನ್ನುತ್ತದೆ, ಎದೆನೋವು ಬರುತ್ತದೆ, ಪಾಪೆ ದೊಡ್ಡದಾಗುತ್ತದೆ. ಗಾಬರಿ, ಸಂಬಂಧವಿಲ್ಲದ ಮಾತು, ಹೊಡೆದಾಟ, ಫಿಟ್ಸ್ ಕೂಡ ಬರಬಹುದು. ಇಲ್ಲಿ ಕೊಲ್ಲುವುದು ಹೃದಯಾಘಾತ, ಸ್ಟ್ರೋಕ್ ಅಥವಾ ಮೈಯ ಬಿಸಿ. ಆಂಬುಲೆನ್ಸ್‌ಗೆ ಫೋನ್ ಮಾಡಿ, ತಂಪಾದ ಜಾಗಕ್ಕೆ ಕರೆದುಕೊಂಡು ಹೋಗಿ, ಜಾಸ್ತಿ ಬಟ್ಟೆ ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ ಫ್ಯಾನ್ ಹಾಕಿ. ಹಿಡಿದು ಕಟ್ಟಿಹಾಕಬೇಡಿ, ಅದರಿಂದ ಬಿಸಿ ಇನ್ನೂ ಏರುತ್ತದೆ. ಎಂಡಿಎಂಎ ತೆಗೆದುಕೊಂಡವರಿಗೆ ಬಿಂದಿಗೆಗಟ್ಟಲೆ ನೀರು ಕುಡಿಸುವುದೂ ತಪ್ಪು. ರಕ್ತದಲ್ಲಿ ಸೋಡಿಯಂ ಇಳಿದು ಮಿದುಳು ಊದಿಕೊಳ್ಳಬಹುದು.

## ಏನೂ ಆಗಿಲ್ಲ ಅನ್ನಿಸುವ ಓವರ್‌ಡೋಸ್

ನನ್ನ ಲೆಕ್ಕದಲ್ಲಿ ಅತಿ ಮೋಸದ್ದು ಪ್ಯಾರಾಸಿಟಮಾಲ್. ಪ್ರತಿ ಮನೆಯ ಡಬ್ಬಿಯಲ್ಲೂ ಇರುವ ಜ್ವರದ ಮಾತ್ರೆ. ಇದನ್ನು ಜಾಸ್ತಿ ನುಂಗಿದವರು ಮೊದಲ ದಿನ ಆರಾಮಾಗಿಯೇ ಇರುತ್ತಾರೆ. ಸ್ವಲ್ಪ ವಾಕರಿಕೆ, ಅಷ್ಟೇ. "ನೋಡು, ಏನೂ ಆಗಲಿಲ್ಲ" ಅಂತ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಒಳಗೆ ನಡೆಯುವುದು ಬೇರೆ. ಪ್ಯಾರಾಸಿಟಮಾಲನ್ನು ಒಡೆಯುವಾಗ ಲಿವರಿನಲ್ಲಿ ಒಂದಿಷ್ಟು ವಿಷದ ಪದಾರ್ಥ ಹುಟ್ಟುತ್ತದೆ. ಗ್ಲುಟಾಥಯೋನ್ ಅನ್ನುವ ವಸ್ತು ಅದರ ಹಲ್ಲು ಕೀಳುತ್ತದೆ. ಗ್ಲುಟಾಥಯೋನ್ ದಾಸ್ತಾನು ಮುಗಿದರೆ ಆ ವಿಷ ಲಿವರಿನ ಜೀವಕೋಶಗಳನ್ನೇ ಕೊಲ್ಲಲು ಶುರು ಮಾಡುತ್ತದೆ. ಮೂರು-ನಾಲ್ಕನೇ ದಿನಕ್ಕೆ ಕಣ್ಣು ಹಳದಿಯಾಗುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಇದಕ್ಕೆ ಒಳ್ಳೆಯ ಮದ್ದಿದೆ. ಎನ್-ಅಸಿಟೈಲ್‌ಸಿಸ್ಟೀನ್ ಅಂತ. ನುಂಗಿದ 8 ಗಂಟೆಯ ಒಳಗೆ ಶುರು ಮಾಡಿದರೆ ಲಿವರ್ ಉಳಿಯುವ ಸಾಧ್ಯತೆ ತುಂಬಾ ಜಾಸ್ತಿ. ಆಮೇಲೆ ಕೊಟ್ಟರೂ ಉಪಯೋಗ ಇದೆ, ಆದರೆ ಒಂದೊಂದು ಗಂಟೆ ಹೋದಂತೆ ಬಲ ಕಡಿಮೆ. ಆದ್ದರಿಂದ ಲಕ್ಷಣ ಬರಲಿ ಅಂತ ಕಾಯಬಾರದು.

ಗೊತ್ತಿಲ್ಲದೆ ಆಗುವುದೂ ಉಂಟು. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಪ್ಯಾರಾಸಿಟಮಾಲ್ ಕಡೆಯ ಮಿತಿ. ಲಿವರ್ ತೊಂದರೆ ಇರುವವರಿಗೆ, ದಿನಾ ಕುಡಿಯುವವರಿಗೆ ಅಷ್ಟೂ ಇಲ್ಲ. ಜ್ವರಕ್ಕೆ ಒಂದು, ನೆಗಡಿಗೆ ಇನ್ನೊಂದು, ಮೈಕೈ ನೋವಿಗೆ ಮತ್ತೊಂದು ಅಂತ ನುಂಗುವಾಗ ಮೂರರ ಸ್ಟ್ರಿಪ್ ಹಿಂದೆಯೂ ಸಣ್ಣ ಅಕ್ಷರದಲ್ಲಿ ಪ್ಯಾರಾಸಿಟಮಾಲ್ ಅಂತಲೇ ಬರೆದಿರಬಹುದು. ಒಮ್ಮೆ ತಿರುಗಿಸಿ ಓದಿ.

## ಆಂಬುಲೆನ್ಸ್ ಬರುವವರೆಗೆ

ಮೊದಲು ಫೋನ್. 108 ಅಥವಾ 112. ಸ್ಪೀಕರ್ ಆನ್ ಮಾಡಿ ಪಕ್ಕದಲ್ಲಿಟ್ಟುಕೊಳ್ಳಿ, ಕೈ ಖಾಲಿ ಇರಲಿ. "ಡ್ರಗ್ಸ್" ಅನ್ನಲು ನಾಲಿಗೆ ತಡವರಿಸಿದರೆ, "ಎಚ್ಚರ ಇಲ್ಲ, ಉಸಿರು ಸರಿಯಾಗಿಲ್ಲ, ವಯಸ್ಸು ಇಷ್ಟು" ಅಂತ ಶುರು ಮಾಡಿ. ಆಂಬುಲೆನ್ಸ್ ಹೊರಡಲು ಅಷ್ಟು ಸಾಕು. ಬಂದವರಿಗೆ ಮಾತ್ರ ಏನು ತೆಗೆದುಕೊಂಡಿದ್ದಾರೆ ಅನ್ನುವುದನ್ನು ಮುಚ್ಚಿಡಬೇಡಿ. ವಿಳಾಸದ ಜೊತೆ ಹತ್ತಿರದ ದೇವಸ್ಥಾನವೋ ಬಸ್ ಸ್ಟಾಪೋ ಹೇಳಿ. ಒಬ್ಬರನ್ನು ಗೇಟಿನ ಹತ್ತಿರ ನಿಲ್ಲಿಸಿ. ಆಂಬುಲೆನ್ಸ್ ತಡ ಅಂತಾದರೆ ಸಿಕ್ಕ ಗಾಡಿಯಲ್ಲೇ ಹೊರಡಿ.

ಉಸಿರಾಡುತ್ತಿದ್ದಾರೆ, ಎಚ್ಚರ ಇಲ್ಲ ಅಂದರೆ ಪಕ್ಕಕ್ಕೆ ಮಲಗಿಸಬೇಕು. ಅಂಗಾತ ಮಲಗಿಸಿದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಅದೇ ಸಾವಿಗೆ ಕಾರಣವಾಗಬಹುದು. ಅವರ ಪಕ್ಕ ಮಂಡಿಯೂರಿ. ನಿಮ್ಮ ಕಡೆಯ ಕೈಯನ್ನು ಹೊರಕ್ಕೆ ಚಾಚಿಡಿ. ಆಚೆ ಕೈಯನ್ನು ತಂದು ಅಂಗೈಯ ಹಿಂಭಾಗ ಈಚೆ ಕೆನ್ನೆಗೆ ತಾಗುವಂತೆ ಹಿಡಿಯಿರಿ. ಆಚೆ ಮಂಡಿಯನ್ನು ಮಡಚಿ, ಆ ಮಂಡಿ ಹಿಡಿದೇ ನಿಮ್ಮ ಕಡೆಗೆ ಹೊರಳಿಸಿ. ಮಡಚಿದ ಕಾಲು ಊರುಗೋಲಾಗಿ ನಿಲ್ಲುತ್ತದೆ, ಮೈ ಬೋರಲು ಬೀಳುವುದಿಲ್ಲ. ಗದ್ದವನ್ನು ಸ್ವಲ್ಪ ಮೇಲಕ್ಕೆ ಎತ್ತಿ, ಬಾಯಿ ನೆಲದ ಕಡೆಗಿರಲಿ. ಮನೆಯಲ್ಲಿ ಒಮ್ಮೆ ಯಾರ ಮೇಲಾದರೂ ಮಾಡಿ ನೋಡಿ. ಮಕ್ಕಳು ನಗುತ್ತಾರೆ, ಆದರೆ ಕಲಿಯುತ್ತಾರೆ. ಹಾಗೆ ಮಲಗಿಸಿ ಎದ್ದು ಹೋಗಬೇಡಿ, ಉಸಿರು ನೋಡುತ್ತಲೇ ಇರಿ.

ಉಸಿರು ಇಲ್ಲ, ಅಥವಾ ಬರೀ ಏದುಸಿರು ಅಂದರೆ ಸಿಪಿಆರ್. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಒಂದು ಅಂಗೈ ಮೇಲೆ ಇನ್ನೊಂದನ್ನಿಟ್ಟು ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಕೆಳಕ್ಕೆ ಹೋಗುವಷ್ಟು ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ 30 ಒತ್ತಿಗೆ 2 ಸಲ ಬಾಯಿಯಿಂದ ಉಸಿರು ಕೊಡಿ: ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಎದೆ ಏರುವಷ್ಟು. ಓವರ್‌ಡೋಸ್‌ನಲ್ಲಿ ಮೊದಲು ಕೆಡುವುದು ಉಸಿರು, ಆದ್ದರಿಂದ ಈ ಎರಡು ಉಸಿರಿಗೆ ಬೆಲೆ ಜಾಸ್ತಿ. ಗೊತ್ತಿಲ್ಲದಿದ್ದರೆ, ಮನಸ್ಸು ಒಪ್ಪದಿದ್ದರೆ, ಬರೀ ಒತ್ತುತ್ತಿರಿ. ಸುಮ್ನೆ ನೋಡುತ್ತಾ ನಿಲ್ಲುವುದಕ್ಕಿಂತ ಅದು ಎಷ್ಟೋ ವಾಸಿ.

ಎರಡನೆಯವರು ಯಾರಾದರೂ ಇದ್ದರೆ ದಿಂಬಿನ ಕೆಳಗೆ, ಕಸದ ಬುಟ್ಟಿಯಲ್ಲಿ, ಪ್ಯಾಂಟಿನ ಜೇಬಿನಲ್ಲಿ ಹುಡುಕಲಿ. ಖಾಲಿ ಸ್ಟ್ರಿಪ್, ಬಾಟಲಿ, ಪುಡಿಯ ಪೊಟ್ಟಣ, ಏನು ಸಿಕ್ಕರೂ ಒಂದು ಕವರಿಗೆ ಹಾಕಿ ಆಸ್ಪತ್ರೆಗೆ ತನ್ನಿ. ಎಷ್ಟು ಮಾತ್ರೆ ಉಳಿದಿವೆ, ಕೊನೆಯ ಸಲ ಚೆನ್ನಾಗಿ ಮಾತಾಡಿದ್ದು ಎಷ್ಟು ಹೊತ್ತಿಗೆ, ಇವೆರಡೂ ಡಾಕ್ಟರಿಗೆ ಬಹಳ ಬೇಕಾಗುತ್ತವೆ.

## ಮಾಡಬಾರದ್ದು

ಉಪ್ಪುನೀರು, ಹುಣಸೆ ನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದದ್ದು. ಬಿಟ್ಟುಬಿಡಿ. ಅರೆ ಎಚ್ಚರದಲ್ಲಿರುವವರಿಗೆ ನುಂಗುವ ಹಿಡಿತ ಇರುವುದಿಲ್ಲ, ಕುಡಿಸಿದ್ದು ಶ್ವಾಸಕೋಶಕ್ಕೇ ಹೋಗುತ್ತದೆ. ಉಪ್ಪುನೀರು ಜಾಸ್ತಿಯಾದರೆ ಅದೇ ಇನ್ನೊಂದು ವಿಷ. ಮಜ್ಜಿಗೆ, ನಿಂಬೆಹಣ್ಣು, ಕಾಫಿ ಯಾವುದೂ ನಶೆ ಇಳಿಸುವುದಿಲ್ಲ. ತಲೆ ಮೇಲೆ ತಣ್ಣೀರು ಸುರಿದು, ಕೆನ್ನೆಗೆ ಬಾರಿಸಿ, ಇಬ್ಬರು ಹಿಡಿದು ನಡೆಸಾಡಿಸುವುದೂ ಅಷ್ಟೇ. ಅಷ್ಟು ಹೊತ್ತು ಉಸಿರು ಕಡಿಮೆಯಾಗುತ್ತಲೇ ಇರುತ್ತದೆ. ಆಸ್ಪತ್ರೆಯಲ್ಲಿ ಇದ್ದಿಲು ಕೊಡುತ್ತಾರೆ ಅಂತ ಕೇಳಿ ಒಲೆಯ ಇದ್ದಿಲನ್ನು ಅರೆಯಲು ಹೋಗಬೇಡಿ. ಅವರು ಕೊಡುವುದು ಬೇರೆಯೇ ಸಂಸ್ಕರಿಸಿದ ಪುಡಿ, ಅದೂ ಸಾಮಾನ್ಯವಾಗಿ ಮೊದಲ ಒಂದು ಗಂಟೆಯಲ್ಲಿ, ಡಾಕ್ಟರ್ ನೋಡಿ.

ಎಚ್ಚರವಾಗಿಯೇ ಇದ್ದಾರೆ, ಮಗು ಏನೋ ನುಂಗಿದೆ, ಎಷ್ಟು ಅಪಾಯ ಗೊತ್ತಾಗುತ್ತಿಲ್ಲ ಅಂದರೆ ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ ಇದೆ: 1800 116 117. ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದನ್ನು ಮಾತ್ರ ಅದಕ್ಕಾಗಿ ನಿಲ್ಲಿಸಬೇಡಿ. ದೊಡ್ಡವರ ಶುಗರ್ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಪುಟ್ಟ ಮಕ್ಕಳಿಗೆ ತೀರಾ ಅಪಾಯ.

## ನಲಾಕ್ಸೋನ್ ಅನ್ನುವ ಮದ್ದು

ಓಪಿಯಾಯ್ಡ್ ಓವರ್‌ಡೋಸ್‌ಗೆ ನೇರ ಮದ್ದಿದೆ. ಓಪಿಯಾಯ್ಡ್ ಮಿದುಳಿನಲ್ಲಿ ಹಿಡಿದು ಕೂತ ಜಾಗದಿಂದ ನಲಾಕ್ಸೋನ್ ಅದನ್ನು ಎಬ್ಬಿಸಿ ತಾನು ಕೂರುತ್ತದೆ. ರಕ್ತನಾಳಕ್ಕೆ ಕೊಟ್ಟರೆ ಎರಡು-ಮೂರು ನಿಮಿಷದಲ್ಲೇ ಉಸಿರು ವಾಪಸ್ ಬರಬಹುದು. ನಮ್ಮಲ್ಲಿ ಇದು ಹೆಚ್ಚಾಗಿ ಆಸ್ಪತ್ರೆಗಳಲ್ಲಿ ಇಂಜೆಕ್ಷನ್ ರೂಪದಲ್ಲಿರುತ್ತದೆ. ಅಮೆರಿಕದಲ್ಲಿ 2023ರ ಮಾರ್ಚ್‌ನಲ್ಲಿ ಮೂಗಿಗೆ ಹಾಕುವ ಸ್ಪ್ರೇಯನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಲು ಒಪ್ಪಿಗೆ ಸಿಕ್ಕಿತು. ಅಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರ ಬ್ಯಾಗಿನಲ್ಲಿ ಒಂದು ಇದ್ದರೆ ನಷ್ಟವಿಲ್ಲ. ಅಲ್ಲಿ ನಕಲಿ ಮಾತ್ರೆಗಳಲ್ಲಿ ಫೆಂಟನಿಲ್ ಬೆರೆಸುವುದು ದೊಡ್ಡ ಪಿಡುಗು, ನುಂಗಿದವರಿಗೇ ಅದು ಗೊತ್ತಿರುವುದಿಲ್ಲ. ಒಳಗೆ ಓಪಿಯಾಯ್ಡ್ ಇಲ್ಲದವರಿಗೆ ನಲಾಕ್ಸೋನ್ ಕೊಟ್ಟರೂ ತೊಂದರೆ ಇಲ್ಲ.

ಇದರ ಪರಿಣಾಮ ಸುಮಾರು 30ರಿಂದ 90 ನಿಮಿಷ ಮಾತ್ರ. ಓಪಿಯಾಯ್ಡ್ ಅದಕ್ಕಿಂತ ಹೆಚ್ಚು ಹೊತ್ತು ದೇಹದಲ್ಲಿ ಉಳಿಯಬಹುದು. ಎದ್ದು ಕೂತ ವ್ಯಕ್ತಿ "ನಂಗೇನಾಗಿಲ್ಲ, ಮನೆಗೆ ಬಿಡಿ" ಅಂತ ಜಗಳ ಮಾಡಬಹುದು. ಬಿಡಬೇಡಿ, ಮತ್ತೆ ಉಸಿರು ನಿಲ್ಲಬಹುದು. ಇನ್ನು ನಿದ್ದೆ ಮಾತ್ರೆ, ಮದ್ಯ, ಕೊಕೇನ್ ಮೇಲೆ ನಲಾಕ್ಸೋನ್ ಕೆಲಸ ಮಾಡುವುದಿಲ್ಲ.

## ಪೊಲೀಸ್ ಕೇಸ್ ಆಗುತ್ತಾ?

ಜನ ಆಸ್ಪತ್ರೆಗೆ ಹೋಗಲು ಹಿಂಜರಿಯುವುದು ಈ ಪ್ರಶ್ನೆಗೇ ಅಲ್ವಾ? ಇಂಥ ಪ್ರಕರಣವನ್ನು ಆಸ್ಪತ್ರೆ ಸಾಮಾನ್ಯವಾಗಿ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಅಂತ ಬರೆದುಕೊಂಡು ಪೊಲೀಸರಿಗೆ ತಿಳಿಸುತ್ತದೆ. ಅದು ಆಸ್ಪತ್ರೆ ಇಡುವ ದಾಖಲೆ. ಎಂಎಲ್‌ಸಿ ಬರೆದ ಮಾತ್ರಕ್ಕೆ ಯಾರ ಮೇಲೂ ಆರೋಪ ಹೊರಿಸಿದಂತಾಗುವುದಿಲ್ಲ. ಪೊಲೀಸರು ಬರಲಿ ಆಮೇಲೆ ನೋಡೋಣ ಅನ್ನುವ ಹಾಗೂ ಇಲ್ಲ. 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ: ಸರ್ಕಾರಿಯಾಗಲಿ ಖಾಸಗಿಯಾಗಲಿ, ಮೊದಲು ಜೀವ ಉಳಿಸಬೇಕು, ಕಾನೂನಿನ ಕಾಗದ ಪತ್ರ ಆಮೇಲೆ.

ವ್ಯಸನಕ್ಕೆ ಬಿದ್ದವರು ಸೇವನೆಯ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡ ಆರೋಪ ಎದುರಿಸುತ್ತಿದ್ದು, ತಾವಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು, ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಸಾಯಬೇಕೆಂದೇ ಮಾತ್ರೆ ನುಂಗಿದವರ ವಿಷಯದಲ್ಲೂ ಕಾನೂನು ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತ ನೋಡುತ್ತದೆ, ಅವರಿಗೆ ಚಿಕಿತ್ಸೆ ಕೊಡಿಸುವ ಹೊಣೆಯನ್ನು ಸರ್ಕಾರಕ್ಕೆ ಹೊರಿಸುತ್ತದೆ. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ಐಪಿಸಿಯ 309ನೇ ಕಲಂ 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಮೊದಲಿನ ರೂಪದಲ್ಲಿ ಉಳಿದಿಲ್ಲ.

## ಮನೆಗೆ ಬಂದ ಮೇಲೆ

ಒಮ್ಮೆ ಓವರ್‌ಡೋಸ್ ಆದವರಿಗೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ. ಮೊದಲ ಕೆಲವು ವಾರ ಮನೆಯ ಎಲ್ಲ ಮಾತ್ರೆಗಳನ್ನು, ತಾತನದ್ದೂ ಸೇರಿಸಿ, ಬೀಗದಲ್ಲಿಡಿ. ಉಳಿದ ಹಳೆಯ ನೋವಿನ ಮಾತ್ರೆ, ನಿದ್ದೆ ಮಾತ್ರೆಗಳನ್ನು "ಮುಂದೆ ಬೇಕಾಗಬಹುದು" ಅಂತ ಕೂಡಿಡಬೇಡಿ. ಸಾಯುವ ಯೋಚನೆ ಇತ್ತಾ ಅಂತ ನೇರವಾಗಿ, ಗದರದೆ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಎಷ್ಟೋ ಸಲ ಕೇಳಿದ್ದಕ್ಕೇ ಅವರ ಬಾಯಿ ತೆರೆಯುತ್ತದೆ.

ಮನಸ್ಸಿನ ತೊಳಲಾಟಕ್ಕೆ ಟೆಲಿ ಮಾನಸ್, 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ವ್ಯಸನ ಬಿಡಿಸುವ ಮಾಹಿತಿಗೆ ರಾಷ್ಟ್ರೀಯ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಇದೆ. ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರ ಹತ್ತಿರವೂ ಹೋಗಬಹುದು. ಈ ಎರಡು ಸಹಾಯವಾಣಿಗಳಿಗೆ ಫೋನ್ ಮಾಡುವವರು ಮಾತ್ರೆ ತೆಗೆದುಕೊಂಡವರೇ ಆಗಿರಬೇಕಿಲ್ಲ. ಅವನು ಒಪ್ಪದಿದ್ದರೆ ತಾಯಿ, ತಂಗಿ, ರೂಂಮೇಟ್ ಯಾರು ಬೇಕಾದರೂ ಮಾಡಬಹುದು.